ಹತ್ತನೇ ಕ್ಲಾಸಿನ ಚಿಂತೆ ಬಿಡಿ, ತೋಟದ ಮಾತು ಎತ್ತಬೇಡಿ

ತೀರ್ಥರೂಪ ಅಪ್ಪಯ್ಯನಿಗೂ ಆಯಿಗೂ ಸಾಷ್ಟಾಂಗ ನಮಸ್ಕಾರಗಳು. ನಾವೆಲ್ಲ ಕ್ಷೇಮ. ಅಡಿಕೆಯ ಕೊನೆಕೊಯ್ಲು ಮುಗಿದಿದ್ದು, ಚಾಲಿ ಅಂಗಳದಲ್ಲಿ ಒಣಗುತ್ತಿರುವುದು, ಗೌರಿ ಕರು ಹಾಕಿದ್ದು ಎಲ್ಲ ತಿಳಿದು ಖುಷಿಯಾಯಿತು. ಆದರೆ ನಿಮ್ಮ ಪತ್ರದ ಮುಕ್ಕಾಲು ಪಾಲು ಪುಟ್ಟಿಯನ್ನು ಹತ್ತನೇ ಕ್ಲಾಸಿಗೆ ಇಲ್ಲಿ ಅಮೆರಿಕದ ಹಾಸ್ಟೆಲ್ ಶಾಲೆಗೆ ಸೇರಿಸುವ ವಿಷಯವೇ ಇತ್ತಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ನೀವು ಅರ್ಧ ಕೇಳಿ ಆಯಿಯ ಕೈಗೆ ಕೊಟ್ಟುಬಿಡುತ್ತೀರಿ.

ಆಯಿ, ಪುಟ್ಟಿ ಏನೂ ತಪ್ಪು ಮಾಡಿಲ್ಲ. ನಮ್ಮಿಬ್ಬರ ಮಧ್ಯೆ ಜಗಳವೂ ಇಲ್ಲ. ಹಾಸ್ಟೆಲ್ ಶಾಲೆ ಅಂದಕೂಡಲೇ ನೀನು ಏನೇನೋ ಕಲ್ಪಿಸಿಕೊಂಡೆ ಅಂತ ಗಪ್ಪಣ್ಣ ಹೇಳಿದ. ಹೋಗಬೇಕು ಅಂತ ಹಟ ಹಿಡಿದವಳು ಅವಳೇ. ಈಗಿನ ಶಾಲೆಯಲ್ಲಿ ಅವಳಿಗೆ ಗಣಿತ ಮುಗಿದುಹೋಗಿದೆ. ಮುಂದಿನದನ್ನು ಕಲಿಸುವವರಿಲ್ಲ.

ಅಪ್ಪಯ್ಯ, 'ಹತ್ತನೇ ಕ್ಲಾಸಿನಲ್ಲಿ ಯಾರಾದರೂ ಶಾಲೆ ಬದಲಿಸುತ್ತಾರಾ' ಅಂತ ಕೇಳಿದ್ದೀರಿ. ಶಿರಸಿಯಲ್ಲಾದರೆ ಇಲ್ಲ. ಈಗ ಅಲ್ಲಿ ಮಕ್ಕಳೆಲ್ಲ ಪೂರ್ವಸಿದ್ಧತಾ ಪರೀಕ್ಷೆ, ಸ್ಪೆಷಲ್ ಕ್ಲಾಸು ಅಂತ ಒದ್ದಾಡುವ ಕಾಲ. ಆದರೆ ಇಲ್ಲಿಯ ಶಾಲೆಗಳಲ್ಲಿ ಹತ್ತಕ್ಕೆ ಎಸ್ಸೆಸ್ಸೆಲ್ಸಿ ಥರದ ಪಬ್ಲಿಕ್ ಪರೀಕ್ಷೆಯೇ ಇಲ್ಲ. ಹೈಸ್ಕೂಲು ಅಂದರೆ 9ರಿಂದ 12, ನಾಲ್ಕು ವರ್ಷ. ಹತ್ತು ಸುಮ್ನೆ ಎರಡನೇ ವರ್ಷ, ಅಷ್ಟೇ.

ಕಷ್ಟ ಇರುವುದು ಬೇರೆ ಕಡೆ. ಮುಂಡಗೋಡದ ನವೋದಯದಲ್ಲಿ ಆರನೇ ಕ್ಲಾಸಿಗೆ ಸೇರಿಸಿಕೊಂಡು, ಒಂಬತ್ತಕ್ಕೆ ಖಾಲಿ ಉಳಿದ ಸೀಟಿಗೆ ಮಾತ್ರ ಕರೆಯುತ್ತಾರಲ್ಲ, ಇಲ್ಲಿಯೂ ಹೆಚ್ಚುಕಡಿಮೆ ಹಾಗೇ. ಹೆಚ್ಚಿನ ಮಕ್ಕಳು ಒಂಬತ್ತಕ್ಕೇ ಸೇರಿರುತ್ತಾರೆ. ಹತ್ತಕ್ಕೆ ಸೀಟು ಕಡಿಮೆ, ಹನ್ನೊಂದಕ್ಕೆ ಇನ್ನೂ ಕಡಿಮೆ. ಹೊಸಬಳು ಹೋಗುವ ಹೊತ್ತಿಗೆ ಉಳಿದವರ ಗೆಳೆತನ ಎಲ್ಲ ಗಟ್ಟಿಯಾಗಿರುತ್ತದೆ. ಕೆಲವರು ಸೀಟಿನ ಆಸೆಗೆ ಒಂಬತ್ತನ್ನೇ ಮತ್ತೊಂದು ಸಲ ಓದುತ್ತಾರೆ, ಅದು ಇಲ್ಲಿ ನಾಚಿಕೆಯ ವಿಷಯ ಅಲ್ಲ. ನಾವು ಅದಕ್ಕೆ ಒಪ್ಪಲಿಲ್ಲ. ಊರಿನಲ್ಲಿ 'ನಪಾಸಾದಳಂತೆ' ಅಂತ ಸುದ್ದಿ ಹಬ್ಬಿದರೆ ಯಾರು ಉತ್ತರ ಕೊಡುವುದು?

ಅರ್ಜಿ ಹಾಕುವುದೇ ಒಂದು ದೊಡ್ಡ ಕಥೆ. ಎಸ್‌ಎಸ್‌ಎಟಿ ಅಂತ ಒಂದು ಪ್ರವೇಶ ಪರೀಕ್ಷೆ, 2400 ಅಂಕಕ್ಕೆ. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ, ಖಾಲಿ ಬಿಟ್ಟರೆ ಕಳೆಯುವುದಿಲ್ಲ. ಅದರಲ್ಲಿ ಒಂದು ಪ್ರಬಂಧ ಬರೆಸಿ, ಅಂಕ ಕೊಡದೆ ಹಾಗೆಯೇ ಶಾಲೆಗೆ ಕಳಿಸುತ್ತಾರೆ. ಇಂಗ್ಲಿಷ್ ಮತ್ತು ಗಣಿತದ ಮೇಷ್ಟ್ರು ಗುಟ್ಟಾಗಿ ಪತ್ರ ಬರೆಯಬೇಕು, ನಮಗೆ ತೋರಿಸುವ ಹಾಗಿಲ್ಲ. ಆಮೇಲೆ ಸಂದರ್ಶನ. ಹೆಣ್ಣು ನೋಡುವ ಶಾಸ್ತ್ರದ ಹಾಗೆ ಮೊದಲು ಅವಳನ್ನು ಒಳಗೆ ಕರೆದು ಮಾತಾಡಿಸುತ್ತಾರೆ, ಆಮೇಲೆ ಅಪ್ಪ ಅಮ್ಮನನ್ನು. ನಿಮ್ಮ ಮಗಳ ಬಗ್ಗೆ ನೀವೇ ಬರೆಯಿರಿ ಅಂತ ನಮಗೂ ಒಂದು ಪ್ರಬಂಧ! ಇವರು ಪುಟ ತುಂಬ ಹೊಗಳಿ ಬರೆದಿದ್ದರು. ನಾನು ಅರ್ಧ ಹೊಡೆದುಹಾಕಿದೆ. ಪುಟ್ಟಿ ಓದಿ, 'ಇದು ಯಾರು?' ಅಂತ ಕೇಳಿದಳು.

ಎಕ್ಸಿಟರ್ ಅನ್ನುವ ಶಾಲೆ ನೋಡಿಬಂದೆವು. 1781ರಲ್ಲಿ ಶುರುವಾದದ್ದು. ಅಂದರೆ ಹೈದರಾಲಿ ಇನ್ನೂ ಬದುಕಿದ್ದ. ಕ್ಲಾಸಿನಲ್ಲಿ ಸಾಲು ಬೆಂಚು ಇಲ್ಲ, ಮೊಟ್ಟೆಯಾಕಾರದ ಒಂದು ದೊಡ್ಡ ಮೇಜು. ಹನ್ನೆರಡು ಚಿಲ್ಲರೆ ಮಕ್ಕಳು, ಜೊತೆಗೆ ಮೇಷ್ಟ್ರೂ ಅದರ ಸುತ್ತ ಕೂತು ವಾದ ಮಾಡುತ್ತಾರೆ. ಹಿಂದಿನ ಬೆಂಚಿಲ್ಲ, ಅಡಗಲು ಜಾಗ ಇಲ್ಲ. ಅಲ್ಲಿನ ಲೈಬ್ರರಿ ಕಟ್ಟಿಸಲು ವಿನ್ಯಾಸ ಮಾಡಿಕೊಟ್ಟವರು ಲೂಯಿ ಕಾನ್, ನಮ್ಮ ಅಹಮದಾಬಾದಿನ ಐಐಎಂ ಕಟ್ಟಡದ ವಿನ್ಯಾಸ ಮಾಡಿದವರೇ. ತೋರಿಸುತ್ತಿದ್ದ ಹುಡುಗನಿಗೆ ಅದು ಗೊತ್ತಿರಲಿಲ್ಲ. ನಾನೇ ಹೇಳಿದೆ. ಆ ಹುಡುಗ ಇಡೀ ಹೊತ್ತು ಹಿಂದೆ ಹಿಂದೆ ನಡೆಯುತ್ತಲೇ ನಮ್ಮ ಜೊತೆ ಮಾತಾಡಿದ, ಒಮ್ಮೆಯೂ ಎಡವಲಿಲ್ಲ.

ಹುಡುಗಿ ಮಕ್ಕಳು ಒಬ್ಬರೇ ಹೇಗಿರುತ್ತಾರೆ ಅಂತ ಆಯಿಯ ಭಯ. ಒಬ್ಬರೇ ಅಲ್ಲ, ಹಾಸ್ಟೆಲ್ಲಿನಲ್ಲೇ ಮೇಷ್ಟ್ರುಗಳು ಸಂಸಾರ ಸಮೇತ ಇರುತ್ತಾರೆ. ರಾತ್ರಿ ಹಾಜರಿ ತೆಗೆಯುತ್ತಾರೆ. ಊಟಕ್ಕೆ ತೊಂದರೆ ಇಲ್ಲ, ಸಸ್ಯಾಹಾರ ಸಿಗುತ್ತದೆ. ತಂಬುಳಿ ಸಿಗುವುದಿಲ್ಲ, ಅಷ್ಟೇ. ಅಲ್ಲಾ ಅಪ್ಪಯ್ಯ, ನೀವು ಹೈಸ್ಕೂಲು ಓದಿದ್ದು ಶಿರಸಿಯಲ್ಲಿ ಪರರ ಮನೆಯ ಜಗಲಿಯಲ್ಲಿ ಮಲಗಿ, ವಾರಾನ್ನ ಉಂಡು ಅಲ್ವಾ? ನನ್ನನ್ನು ಧಾರವಾಡದ ಹಾಸ್ಟೆಲ್ಲಿಗೆ ಬಿಟ್ಟಾಗ ನಾನೂ ಇವಳಿಗಿಂತ ಬಹಳ ದೊಡ್ಡವಳೇನಲ್ಲ. ಆಗ ಆಯಿ ಅತ್ತಳು, ನೀವು ಬಸ್ಸು ತಪ್ಪುತ್ತದೆ ಅಂತ ಹೊರಟೇಬಿಟ್ಟಿರಿ.

ಈಗ ದುಡ್ಡಿನ ವಿಷಯ. ಕೆಳಗಿನ ತೋಟ ಕೊಟ್ಟುಬಿಡೋಣವೇ ಅಂತ ಬರೆದಿದ್ದೀರಿ. ಅದನ್ನು ಓದಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ದಯವಿಟ್ಟು ಆ ಮಾತು ಎತ್ತಬೇಡಿ. ದೊಡ್ಡ ಶಾಲೆಗಳಲ್ಲಿ ಊಟ ವಸತಿ ಸೇರಿ ವರ್ಷಕ್ಕೆ 70,000 ಡಾಲರ್ ಆಸುಪಾಸು, ನಿಜ. ನಮ್ಮ ದುಡ್ಡಿನಲ್ಲಿ ಸುಮಾರು 60 ಲಕ್ಷ. ಅಷ್ಟನ್ನು ನಾವೂ ಕೊಡಲಾರೆವು. ಅದಕ್ಕೇ ಅರ್ಜಿಯ ಜೊತೆ ಇನ್ನೊಂದು ಫಾರ್ಮು ತುಂಬಿದ್ದೇವೆ: ಸಂಬಳ, ಉಳಿತಾಯ, ಮನೆ ಸಾಲ, ಎಲ್ಲ ಬಿಚ್ಚಿಡಬೇಕು. ನಮ್ಮ ಕೈಲಿ ಎಷ್ಟು ಆಗುತ್ತದೆ ಅಂತ ಅವರೇ ಲೆಕ್ಕ ಹಾಕಿ, ಕೊಡುವುದಾದರೆ ಉಳಿದದ್ದನ್ನು ಬಿಟ್ಟುಕೊಡುತ್ತಾರೆ. ಸಾಲ ಅಲ್ಲ, ತೀರಿಸುವ ಹಾಗಿಲ್ಲ. ಸಹಾಯ ಕೇಳಿದ್ದಾರೆ ಅಂತ ಅರ್ಜಿಯನ್ನು ಪಕ್ಕಕ್ಕಿಡುವುದಿಲ್ಲ ಅಂತ ಎಕ್ಸಿಟರಿನವರು 2021ರಲ್ಲಿ ಹೇಳಿದ್ದಾರೆ. ಎಲ್ಲ ಶಾಲೆಗಳೂ ಹಾಗಿಲ್ಲ. ಸೀಟು ಸಿಕ್ಕಿ ದುಡ್ಡು ಸಿಗದಿದ್ದರೆ ಅವಳು ಹೋಗುವುದಿಲ್ಲ. ಅವಳಿಗೂ ಇದು ಗೊತ್ತಿದೆ, ಒಪ್ಪಿದ್ದಾಳೆ. ಈಗಿನ ಸರ್ಕಾರಿ ಶಾಲೆಗೆ ಫೀಸೇ ಇಲ್ಲ, ಮನೆ ಮುಂದೆ ಬಸ್ಸು ಬರುತ್ತದೆ. ಹಾಗಾಗಿ ಯಾವ ಕಡೆಯಿಂದ ನೋಡಿದರೂ ನಷ್ಟ ಇಲ್ಲ. ತೋಟ ತೋಟವಾಗಿಯೇ ಇರಲಿ. ನೀವು ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸುವುದಕ್ಕೆ ದುಡ್ಡು ಇಟ್ಟುಕೊಳ್ಳಿ. ದಲ್ಲಾಳಿಗೆ ಮಾತು ಕೊಟ್ಟಿದ್ದರೆ ಇವತ್ತೇ ಇಲ್ಲ ಅನ್ನಿ.

ಅರ್ಜಿ ಜನವರಿ 15ಕ್ಕೆ ಕಳಿಸಿ ಆಯಿತು. ಉತ್ತರ ಮಾರ್ಚ್ 10ಕ್ಕೆ. ಅಲ್ಲಿಯವರೆಗೆ ಸೊಸೈಟಿಯಲ್ಲಿ, ಮದುವೆ ಮನೆಯಲ್ಲಿ ಯಾರಿಗೂ ಹೇಳಬೇಡಿ. ನಾವು ಆರಾಮಾಗಿದ್ದೇವೆ, ಪುಟ್ಟಿ ಚೆನ್ನಾಗಿ ಊಟ ಮಾಡುತ್ತಾಳೆ, ಚಳಿಯೂ ಅಂಥದ್ದೇನಿಲ್ಲ, ಚಿಂತೆ ಮಾಡಬೇಡಿ. ಆಯಿ ಸಕ್ಕರೆ ಮಾತ್ರೆ ಬಿಡಬಾರದು.

ಇವರು ಕಾರಿನ ಮೇಲಿನ ಹಿಮ ಕೆರೆದು ಹಾರ್ನ್ ಹೊಡೆಯುತ್ತಿದ್ದಾರೆ, ಪೋಸ್ಟಾಫೀಸು ಮುಚ್ಚುತ್ತದೆ. ಉಳಿದದ್ದು ಫೋನಿನಲ್ಲಿ.

ಇಂತಿ ನಿಮ್ಮ ಮಗಳು

ತೊಡೆದೇವು ಕಳಿಸುವುದಾದರೆ ಗಪ್ಪಣ್ಣನ ಭಾವ ಬರುವಾಗ ಕೊಡಿ, ಪೋಸ್ಟಿನಲ್ಲಿ ಬೇಡ, ಪುಡಿಯಾಗುತ್ತದೆ.