ಅಮ್ಮನ್ನ ಒಳಗಿಟ್ಟು ಬೀಗ ಹಾಕ್ಕೊಂಡು ಕೆಲಸಕ್ಕೆ ಹೋಗ್ತಿದೀನಿ ಸಾರ್

ಮಾನ್ಯ ಶಾಸಕರಿಗೆ ನಮಸ್ಕಾರ,

ನಾನು ನಿಮ್ಮ ಕ್ಷೇತ್ರದ ವೋಟರು, ಬೆಂಗಳೂರಲ್ಲೇ ಹುಟ್ಟಿ ಬೆಳೆದೋಳು. ಲಿಫ್ಟ್ ಇಲ್ಲದ ಬಿಲ್ಡಿಂಗಿನ ಮೂರನೇ ಮಹಡೀಲಿ ನಾನು, 79 ವರ್ಷದ ನಮ್ಮಮ್ಮ ಇಬ್ರೇ ಇರೋದು. ಅಮ್ಮಂಗೆ ಮರೆವಿನ ಕಾಯಿಲೆ ಶುರುವಾಗಿ ನಾಲ್ಕು ವರ್ಷ. ದಿನಾ ಬೆಳಿಗ್ಗೆ ತಿಂಡಿ ತಿನ್ನಿಸಿ, ಗ್ಯಾಸ್ ರೆಗ್ಯುಲೇಟರ್ ಆಫ್ ಮಾಡಿ, ಹೊರಗಡೆಯಿಂದ ಬೀಗ ಹಾಕ್ಕೊಂಡು ಹೋಗ್ತೀನಿ. ನೋಡ್ಕೊಳ್ಳೋರನ್ನ ಇಟ್ಕೊಳ್ಳೋಣ ಅಂದ್ರೆ ತಿಂಗಳಿಗೆ 22 ಸಾವಿರ ಕೇಳ್ತಾರೆ, ನನ್ನ ಸಂಬಳ 31.

ಹೋದ ಆಷಾಢದಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ರು. ಅಳೋದು ಕೇಳಿ ಕೆಳಗಡೆ ಮನೆ ಆಂಟಿ ಓಡಿಬಂದ್ರೂ ಬೀಗದ ಕೈ ನನ್ನತ್ರ, ನಾನು ಟ್ರಾಫಿಕ್ಕಲ್ಲಿ ಸಿಕ್ಕಾಕ್ಕೊಂಡಿದೀನಿ, ಒಂದೂಕಾಲು ಗಂಟೆ ಅಮ್ಮ ನೆಲದ ಮೇಲೇ ಬಿದ್ದಿದ್ರು. ಆಂಬುಲೆನ್ಸ್ ಬಂತು, ಆದ್ರೆ ಸ್ಟ್ರೆಚರ್ ಮೆಟ್ಟಿಲ ತಿರುವಲ್ಲಿ ತಿರುಗ್ಲೇ ಇಲ್ಲ. ಕೊನೆಗೆ ಪ್ಲಾಸ್ಟಿಕ್ ಕುರ್ಚೀಲಿ ಕೂರಿಸಿ, ಸೀರೆಯಿಂದ ಕಟ್ಟಿ, ಇಸ್ತ್ರಿ ಅಂಗಡಿಯೋರೂ ವಾಟರ್ ಕ್ಯಾನ್ ಹುಡುಗರೂ ಹೊತ್ಕೊಂಡು ಇಳಿಸಿದ್ರು. "ನನ್ನ ಎಲ್ಲಿಗ್ರಪ್ಪ ಹೊತ್ಕೊಂಡು ಹೋಗ್ತಿದೀರಾ" ಅಂತ ಅಮ್ಮ ಕೇಳ್ತಾನೇ ಇದ್ರು.

ಆಮೇಲೆ ಹಗಲು ಆರೈಕೆ ಕೇಂದ್ರ ಬೇಕು ಅಂತ ಎರಡು ಸಲ ಅರ್ಜಿ ಕೊಟ್ಟೆ. ಕೌಂಟರಲ್ಲಿದ್ದೋರು ತಲೆ ಎತ್ತದೇ ಹೇಳಿದ್ದು: "ವೃದ್ಧಾಶ್ರಮಕ್ಕೆ ಸೇರಿಸ್ಬಿಡಿ ಮೇಡಂ." ಯಾಕ್ರೀ ಸೇರಿಸ್ಬೇಕು? 2007ರ ಹಿರಿಯ ನಾಗರಿಕರ ಕಾಯ್ದೆ ನಿಮಗೆ ಗೊತ್ತಿರೋದೇ, ಅದರ 19ನೇ ಸೆಕ್ಷನ್ನು ಹೇಳೋ ಜಿಲ್ಲೆಗೊಂದು, 150 ಜನರ ವೃದ್ಧಾಶ್ರಮ ಗತಿ ಇಲ್ಲದೋರಿಗೆ. ನಮ್ಮಮ್ಮಂಗೆ ನಾನಿದೀನಿ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರ ತನಕ ಮಾತ್ರ ಇರಲ್ಲ, ಆ ಹೊತ್ತಿಗೆ ಒಂದು ಜಾಗ ಕೊಡಿ ಅಂತ ಕೇಳ್ತಿರೋದು.

ನಮ್ಮ ಲೇಔಟಿನ ಸಮುದಾಯ ಭವನ ನೆಲಮಟ್ಟದಲ್ಲೇ ಇದೆ, ಮದುವೆ ಮುಂಜಿ ಬಿಟ್ರೆ ವಾರವೆಲ್ಲಾ ಬೀಗ. ಅದನ್ನ ತೆರೆಸಿ. ಒಬ್ರು ನರ್ಸು, ಇಬ್ರು ಆಯಾ, ಒಂದು ರ‍್ಯಾಂಪು, ಹಿಡ್ಕೊಳ್ಳೋಕೆ ಕಂಬಿ ಇರೋ ಟಾಯ್ಲೆಟ್ಟು, ಮಧ್ಯಾಹ್ನ ಬಿಸಿ ಅನ್ನ ಸಾರು. ಮಕ್ಕಳಿಗೆ ಅಂಗನವಾಡಿ ಮಾಡಿದೀರಲ್ಲ, ವಯಸ್ಸಾದೋರಿಗೆ ಯಾಕಾಗಲ್ಲ? 2011ರ ಜನಗಣತೀಲೇ ರಾಜ್ಯದಲ್ಲಿ 60 ದಾಟಿದೋರು 57 ಲಕ್ಷಕ್ಕೂ ಮೇಲಿದ್ರು. ನಮ್ಮ ಒಂದು ರಸ್ತೇಲೇ ಹಿಂಗೆ ಒಳಗೆ ಕೂತಿರೋರು ಆರು ಜನ ಇದಾರೆ, ಮನೆ ನಂಬರ್ ಸಮೇತ ಅರ್ಜೀಲಿ ಬರೆದಿದೀನಿ. ಹೊಸ ಬಿಲ್ಡಿಂಗಿಗೆ ಪ್ಲಾನ್ ಪಾಸ್ ಮಾಡೋವಾಗ ಸ್ಟ್ರೆಚರ್ ತಿರುಗೋ ಮೆಟ್ಟಿಲಿದ್ಯಾ ಅಂತಾನೂ ನೋಡ್ಸಿ, ಆದ್ರೆ ಮೊದಲು ಆ ಭವನ ತೆರೆಸಿ.

ಈ ತಿಂಗಳೊಳಗೇ ತೆರೆಸಿ ಸಾರ್. ನಾಳೆ ಬೆಳಿಗ್ಗೆನೂ ನಾನು ಬೀಗ ಹಾಕ್ಕೊಂಡೇ ಹೋಗ್ಬೇಕು.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮಗಳು