ಜೆರಾಕ್ಸ್ ಸೆಟ್ ಯಾಕೆ ಬೇಕು? ಉನ್ನತ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

2021-22ರಿಂದ ರಾಜ್ಯದಲ್ಲಿ ಪದವಿ ಪ್ರವೇಶ ಯುಯುಸಿಎಂಎಸ್ ಎಂಬ ಏಕೀಕೃತ ಆನ್‌ಲೈನ್ ವ್ಯವಸ್ಥೆಯ ಮೂಲಕ ನಡೆಯುತ್ತಿದೆ. ಅರ್ಜಿ ಆನ್‌ಲೈನ್ ಆಯಿತು, ಕಾಗದ ಮಾತ್ರ ತೊಲಗಲಿಲ್ಲ. ಸೈಬರ್ ಸೆಂಟರಿನಲ್ಲಿ ತುಂಬಿದ ಅರ್ಜಿಯ ಪ್ರಿಂಟ್ ತೆಗೆದು, ಅಂಕಪಟ್ಟಿ, ಜಾತಿ-ಆದಾಯ ಪ್ರಮಾಣಪತ್ರ, ಆಧಾರ್ ಜೆರಾಕ್ಸ್ ಲಗತ್ತಿಸಿ ಮಕ್ಕಳು ಮತ್ತೆ ಸಾಲಿನಲ್ಲಿ ನಿಲ್ಲುತ್ತಾರೆ. ಅದೇ ವಿವರ ದಾಖಲಾತಿ ರಿಜಿಸ್ಟರಿಗೆ ಕೈಬರಹದಲ್ಲಿ ಇನ್ನೊಮ್ಮೆ ಏರುತ್ತದೆ. ತಪ್ಪು ನುಸುಳುವುದೇ ಅಲ್ಲಿ.

ಸ್ಕ್ಯಾನ್ ಮಾಡಿ ಏರಿಸಿದ ಮಾತ್ರಕ್ಕೆ ಡಿಜಿಟಲ್ ಆಗುವುದಿಲ್ಲ. ಮೊಬೈಲಿನಲ್ಲಿ ತೆಗೆದ 3-4 ಎಂಬಿ ಚಿತ್ರವನ್ನು ಕೆಲವು ನೂರು ಕೆಬಿಗೆ ಕುಗ್ಗಿಸಿದರೆ 3 ಯಾವುದು, 8 ಯಾವುದು ತಿಳಿಯದು. ಚಿತ್ರ ಬೇಡವೇ ಬೇಡ. ಅಂಕಪಟ್ಟಿ ಕೇಂದ್ರ ಸರ್ಕಾರದ ಡಿಜಿಟಲ್ ದಾಖಲೆ ಖಾತೆಯಾದ ಡಿಜಿಲಾಕರಿನಲ್ಲಿದೆ, ಅಲ್ಲಿ ನೀಡಿದ ದಾಖಲೆ ಮೂಲಪ್ರತಿಗೆ ಸಮ ಎಂದು ಕೇಂದ್ರದ ನಿಯಮ 2017ರಿಂದಲೇ ಹೇಳುತ್ತದೆ. ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರಕ್ಕೆ ಆರ್‌ಡಿ ಸಂಖ್ಯೆ ಎಂಬ ಗುರುತಿನ ಸಂಖ್ಯೆ ಇದೆ; ರಾಜ್ಯದ ವಿದ್ಯಾರ್ಥಿವೇತನ ಜಾಲತಾಣ ಎಸ್‌ಎಸ್‌ಪಿ ಅದನ್ನೇ ನಂಬಿ ಪರಿಶೀಲಿಸುತ್ತದೆ. ಅಲ್ಲಿ ನಡೆಯುವುದು ಕಾಲೇಜಿನ ಕಿಟಕಿಯಲ್ಲಿ ಯಾಕೆ ನಡೆಯಬಾರದು?

ಹೆಚ್ಚು ಕಾಡುವುದು ಹೆಸರು. ಎಸ್‌ಎಸ್‌ಎಲ್‌ಸಿಯಲ್ಲಿ 'ಮಂಜುನಾಥ ಎಚ್', ಆಧಾರಿನಲ್ಲಿ 'ಮಂಜುನಾಥ ಹನುಮಂತಪ್ಪ'. ಗಣಕಕ್ಕೆ ಒಬ್ಬನೇ ಹುಡುಗ ಇಬ್ಬರಾಗಿ ಕಾಣುತ್ತಾನೆ! ಪ್ರವೇಶದ ದಿನ ಸರಿಪಡಿಸದಿದ್ದರೆ ತೊಡಕು ಅಂಕಪಟ್ಟಿಗೂ ವಿದ್ಯಾರ್ಥಿವೇತನಕ್ಕೂ ಅಂಟುತ್ತದೆ. ಎಸ್‌ಎಸ್‌ಎಲ್‌ಸಿ ಹೆಸರೇ ಮುಖ್ಯ ದಾಖಲೆಯಾಗಲಿ, ಆಧಾರ್ ಹೆಸರಿಗೆ ಬೇರೆ ಅಂಕಣ ಇರಲಿ. ವ್ಯತ್ಯಾಸ ಕಂಡರೆ ಅರ್ಜಿ ತಿರಸ್ಕಾರವಾಗದೆ ಪ್ರಾಂಶುಪಾಲರ ಲಾಗಿನ್‌ಗೆ ಹೋಗಲಿ. ತಿದ್ದಿದವರು ಯಾರು, ಯಾವಾಗ, ಯಾವ ಕಾರಣಕ್ಕೆ ಎಂಬುದು ಅಳಿಸಲಾಗದಂತೆ ಉಳಿಯಲಿ. ಒಟಿಪಿ ಸೈಬರ್ ಸೆಂಟರಿನವರ ನಂಬರಿಗೆ ಹೋಗಿಬಿಟ್ಟ ಮಕ್ಕಳೂ ಇದ್ದಾರೆ. ವಿದ್ಯಾರ್ಥಿ ಖುದ್ದಾಗಿ ಬಂದರೆ ಕಾಲೇಜಿನಲ್ಲೇ ನಂಬರ್ ಬದಲಿಸುವ ಅವಕಾಶ ಬೇಕು.

ಇನ್ನು ಟಿಸಿ, ಅಂದರೆ ವರ್ಗಾವಣೆ ಪತ್ರ. ಮೂಲ ಪ್ರಮಾಣಪತ್ರಗಳನ್ನು ಹಿಡಿದಿಟ್ಟುಕೊಳ್ಳಬಾರದೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲೇ ಹೇಳಿದ್ದರೂ, ಬೇರೆ ಕಡೆ ಸೀಟು ಸಿಕ್ಕ ವಿದ್ಯಾರ್ಥಿ ಟಿಸಿಗಾಗಿ ಅಲೆಯುವುದು ನಿಂತಿಲ್ಲ. ಪಿಯು ಕಾಲೇಜು ಅದನ್ನು ಡಿಜಿಟಲ್ ಆಗಿಯೇ ಕೊಡಲಿ. ಒಂದು ಕಡೆ ಸೇರಿದಾಗ 'ಬಳಕೆಯಾಗಿದೆ' ಎಂದು ಗುರುತಾಗಲಿ, ಪ್ರವೇಶ ರದ್ದಾದರೆ ತಾನಾಗಿ ಬಿಡುಗಡೆಯಾಗಲಿ.

ಕಾಗದ ಪೂರ್ತಿ ಬೇಡವೆನ್ನುವುದಿಲ್ಲ. ಪ್ರವೇಶ ಮುಗಿದ ಮೇಲೆ ರಿಜಿಸ್ಟರನ್ನು ಒಮ್ಮೆ ಮುದ್ರಿಸಿ, ಪ್ರಾಂಶುಪಾಲರ ಸಹಿಯೊಂದಿಗೆ ಹೊಲಿದಿಡಬೇಕು. ದಶಕಗಳ ನಂತರವೂ ಜನ್ಮದಿನಾಂಕ ಕೇಳಿಕೊಂಡು ಬರುವವರಿರುತ್ತಾರೆ. ಕರೆಂಟ್, ಸರ್ವರ್ ಕೈಕೊಟ್ಟ ದಿನ ಟೋಕನ್ ಕೊಟ್ಟು, ಆ ದಿನಾಂಕವನ್ನೇ ಅರ್ಜಿಯ ದಿನಾಂಕವೆಂದು ಪರಿಗಣಿಸಬೇಕು.

ಮುಂದಿನ ಪ್ರವೇಶ ಅಧಿಸೂಚನೆಯಲ್ಲಿ ಈ ಸಾಲನ್ನು ಸೇರಿಸಿ: 'ಸಂಖ್ಯೆಯ ಮೂಲಕ ದೃಢಪಟ್ಟ ದಾಖಲೆಯ ಜೆರಾಕ್ಸ್ ಪ್ರತಿಯನ್ನು ಕಾಲೇಜು ಕೇಳತಕ್ಕದ್ದಲ್ಲ.'

ಇಂತಿ,
ಪದವಿ ಕಾಲೇಜುಗಳ ಪ್ರವೇಶ ವಿಭಾಗದ ಸಿಬ್ಬಂದಿ