ಹನ್ನೊಂದನೇ ವಯಸ್ಸಿನ ನಿನ್ನ ಪ್ರಶ್ನೆ: ಮಗಳಿಗೊಂದು ಪತ್ರ

ಪುಟ್ಟಿ,

ಮೊನ್ನೆ ರಾತ್ರಿ ನೀನು ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ನಿನ್ನಮ್ಮನಿಗೆ ಹೇಳಲಿಲ್ಲ. ಹೇಳಿದ್ದರೆ ಅವಳೂ ಎದ್ದು ಕೂರುತ್ತಿದ್ದಳು, ಆಮೇಲೆ ಇಬ್ಬರಿಗೂ ಚಹಾ, ಇಬ್ಬರಿಗೂ ಎದೆಯುರಿ. ಈಗ ಅಂಗಡಿಯಲ್ಲಿ ಮಷೀನ್ ಮುಂದೆ ಕೂತು ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳೋಣ ಅಂದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ದಾರಿ ತಪ್ಪುತ್ತೇನೆ.

ನೀನು ಹೇಳಿದ್ದು ಎರಡು ಮಾತು. ಒಂದು, ಆಸ್ಪತ್ರೆಯ ಕೆಲಸದ್ದು: "ವಾರ್ಡ್ ಇನ್‌ಚಾರ್ಜ್ ಮಾಡಿಬಿಟ್ರು, ನನ್ನಲ್ಲಿ ಆ ಶಕ್ತಿ ಇಲ್ಲಪ್ಪ." ಎರಡನೆಯದು ಆ ರಜೆಯ ವಿಷಯ. ತಡವಾಗಿ ಬಂದವರ ಒಂದು ದಿನದ ರಜೆ ಕಟ್ ಅಂತ ಎಲ್ಲರ ಮುಂದೆ ಹೇಳಿದೆ. ಮಾರನೇ ದಿನವೇ ಮಗುವಿಗೆ ಜ್ವರ ಅಂತ ತಡವಾಗಿ ಬಂದವಳು ನಿನ್ನ ಗೆಳತಿ. ಅವಳ ರಜೆ ಕತ್ತರಿಸಿದೆ. "ಹೇಳಿಬಿಟ್ಟಿದ್ದೆ, ಹಿಂದೆ ತಗೊಂಡ್ರೆ ಮರ್ಯಾದೆ ಇರುತ್ತಾ?" ಅಂತ ಕೇಳಿದೆ.

ಆ ಮಾತು ಕಿವಿಗೆ ಬಿದ್ದ ತಕ್ಷಣ ನನಗೆ ನೆನಪಾದದ್ದು ನಮ್ಮ ಸಂಡೇ ಸ್ಕೂಲ್. ನಿನಗೆ ಆಗ ಹನ್ನೊಂದು ವರ್ಷ. ನಾನು ಬೈಬಲಿನ ನ್ಯಾಯಸ್ಥಾಪಕರು ಪುಸ್ತಕ, ಅಂದರೆ ಇಸ್ರಾಯೇಲಿನ ಹಳೆಯ ನಾಯಕರ ಕಥೆ, ಪಾಠ ಮಾಡುತ್ತಿದ್ದೆ. ನೀನು ಕೈ ಎತ್ತಿ, ಅಪ್ಪ ಅನ್ನದೆ ಶಿಸ್ತಾಗಿ "ಸರ್" ಅಂತ ಕರೆದು ಕೇಳಿದೆ: "ಯೆಫ್ತಾಹನ ಮೇಲೆ ದೇವರ ಆತ್ಮ ಬಂದಿತ್ತಲ್ಲ, ಮತ್ತೆ ಅವನು ಮಗಳನ್ನು ಯಾಕೆ ಸಾಯಿಸಿದ?" ಮುಂದಿನ ವಾರ ನೋಡೋಣ ಅಂದೆ. ಮುಂದಿನ ವಾರ ಕ್ರಿಸ್‌ಮಸ್ ನಾಟಕದ ಪ್ರಾಕ್ಟೀಸ್ ಶುರುವಾಯಿತು. ಆ 'ಮುಂದಿನ ವಾರ' ಇವತ್ತು ಬಂದಿದೆ ಅಂದುಕೋ.

ಮೊದಲು ಶಕ್ತಿಯ ಮಾತು ಮುಗಿಸುತ್ತೇನೆ.

ನಾವು 'ಆತ್ಮ' ಅನ್ನುವ ಕಡೆ ಬೈಬಲಿನ ಮೂಲ ಹೀಬ್ರೂವಿನಲ್ಲಿರುವ ಪದ 'ರೂಅಖ್' ಅಂತೆ. ಗಾಳಿಗೂ ಅದೇ ಪದ, ಉಸಿರಿಗೂ ಅದೇ. ನಮ್ಮಲ್ಲಿ 'ಗಾಳಿ ಹಿಡಿಯಿತು' ಅಂದರೆ ಬೇರೆಯೇ ಅರ್ಥ, ಅದು ಬಿಡು. ನಮ್ಮ ಹಿಂದಿನ ಸಭಾಪಾಲಕರಿಗೆ ಹೀಬ್ರೂ ಬರುತ್ತಿತ್ತು. ಒಮ್ಮೆ ಪ್ಯಾಂಟಿನ ಅಳತೆ ಕೊಡಲು ಬಂದವರು ಅದೇ ಪುಸ್ತಕದ ಇನ್ನೊಬ್ಬ ನಾಯಕ ಗಿದ್ಯೋನನ ವಿಷಯ ಎತ್ತಿದರು. "ಮೊದಲ ನ್ಯಾಯಸ್ಥಾಪಕ ಒತ್ನೀಯೇಲನ ಮೇಲೆ ಆತ್ಮ ಬಂತು ಅಂತ ಇದೆ. ಆದರೆ ಗಿದ್ಯೋನನಿಗೆ ಬಂದಾಗ ಕ್ರಿಯಾಪದವೇ ಬೇರೆ. 'ಲಾವಶ್', ಬಟ್ಟೆ ತೊಡುವುದು. ಆತ್ಮ ಗಿದ್ಯೋನನನ್ನು ತೊಟ್ಟುಕೊಂಡಿತು ಅಂತಲೂ ಓದಬಹುದು, ಅವನಿಗೆ ತಾನೇ ಬಟ್ಟೆಯಾಯಿತು ಅಂತಲೂ ಓದಬಹುದು. ಪಂಡಿತರು ಇನ್ನೂ ಜಗಳವಾಡುತ್ತಾರೆ" ಅಂದರು. ಟೇಪ್ ಅವರ ಸೊಂಟದ ಮೇಲೇ ನಿಂತುಹೋಯಿತು. ದರ್ಜಿಗೆ ಇಂಥ ಮಾತು ಹೇಳಿದರೆ ಅಳತೆ ನೆನಪಿರುತ್ತಾ? ಆ ಪ್ಯಾಂಟು ಎರಡು ಇಂಚು ದೊಡ್ಡದಾಯಿತು.

ನನಗೆ ಮೊದಲನೆಯ ಓದೇ ಇಷ್ಟ. ಬಟ್ಟೆ ಅಂದರೆ ಗಿದ್ಯೋನ. ಅದೂ ಎಂಥ ಬಟ್ಟೆ! ಮಿದ್ಯಾನ್ಯರು ಬಂದು ಪೈರು ದೋಚುತ್ತಾರೆ ಅಂತ ಹೆದರಿ, ದ್ರಾಕ್ಷಿ ತುಳಿಯುವ ತೊಟ್ಟಿಯೊಳಗೆ ಕೂತು ಗೋದಿ ಬಡಿಯುತ್ತಿದ್ದವನು. ಅಂಥವನನ್ನು ದೇವದೂತ 'ಪರಾಕ್ರಮಶಾಲಿ' ಅಂತ ಕರೆಯುತ್ತಾನೆ. ಓದುವವನಿಗೆ ನಗು ಬರುವ ಹಾಗೇ ಬರೆದಿದ್ದಾರೆ. ಅವನು ಹೇಳುವುದೂ ನಿನ್ನ ಮಾತೇ: ನಮ್ಮ ಮನೆತನ ಬಡವರದ್ದು, ಮನೆಯಲ್ಲಿ ನಾನೇ ಚಿಕ್ಕವನು.

ಇನ್ನೊಂದು ನೋಡು. 6ನೇ ಅಧ್ಯಾಯದ 34ನೇ ವಚನದಲ್ಲಿ ಆತ್ಮ ಬಂದಾಯಿತು, ಕೊಂಬು ಊದಿ ಜನ ಸೇರಿಸಿದ್ದೂ ಆಯಿತು. 36ಕ್ಕೆ ಬಾ. ಕಣದಲ್ಲಿ ಕುರಿಯ ಉಣ್ಣೆ ಹಾಸಿ, ಉಣ್ಣೆ ಮಾತ್ರ ಒದ್ದೆಯಾಗಲಿ, ನೆಲ ಒಣಗಿರಲಿ ಅಂತ ದೇವರನ್ನೇ ಪರೀಕ್ಷೆ ಮಾಡುತ್ತಿದ್ದಾನೆ. ಅದಾದ ಮೇಲೆ ಮರುದಿನ ಉಲ್ಟಾ. ಆತ್ಮ ಬಂದ ಮೇಲೂ ಕೈ ನಡುಗುತ್ತಿತ್ತು ಅಂತ ಅರ್ಥ ಅಲ್ವಾ? ಮಿದ್ಯಾನ್ಯರ ಮೇಲಿನ ಯುದ್ಧಕ್ಕೆ 32,000 ಜನ ಬಂದಿದ್ದರು, ಉಳಿದವರು 300. ಅವರ ಕೈಯಲ್ಲಿ ಕೊಂಬು, ಮಡಕೆ, ಮಡಕೆಯೊಳಗೆ ಪಂಜು. ಗೆದ್ದರು. ಹಾಗಾಗಿ ನಡುಕ ಇದೆ ಅನ್ನುವುದೊಂದೇ ಕಾರಣಕ್ಕೆ ಇನ್‌ಚಾರ್ಜ್ ಕೆಲಸ ಬೇಡ ಅನ್ನಬೇಡ. ಬೇರೆ ಕಾರಣ ಇದ್ದರೆ ಹೇಳು, ಕೇಳುತ್ತೇನೆ.

ಆದರೆ ಆ ಪುಸ್ತಕ ಇನ್ನೊಂದು ವಿಷಯವನ್ನೂ ಮುಚ್ಚಿಡುವುದಿಲ್ಲ. ಕೆಲಸಕ್ಕೆ ಶಕ್ತಿ ಬಂದ ಮಾತ್ರಕ್ಕೆ ಮನುಷ್ಯ ಒಳ್ಳೆಯವನಾಗುವುದಿಲ್ಲ. ಸಂಸೋನನನ್ನೇ ನೋಡು. ಸಿಂಹವನ್ನು ಸೀಳುವಷ್ಟು ಬಲ ಬಂತು, ಬುದ್ಧಿ ಎಲ್ಲಿ ಬಂತು? ಗಿದ್ಯೋನ ಕೂಡ ಕೊನೆಗೆ ಲೂಟಿಯ ಬಂಗಾರದಿಂದ ಒಂದು ಏಫೋದು, ಅಂದರೆ ಯಾಜಕರ ಮೇಲಂಗಿಯಂಥದ್ದು, ಮಾಡಿಸಿ ಊರಲ್ಲಿಟ್ಟ, ಜನ ಅದಕ್ಕೇ ಅಡ್ಡಬೀಳತೊಡಗಿದರು.

ಈಗ ಯೆಫ್ತಾಹ. 11ನೇ ಅಧ್ಯಾಯ. ಸೂಳೆಯ ಮಗ ಅಂತ ಅಣ್ಣತಮ್ಮಂದಿರು ಮನೆಯಿಂದ ಓಡಿಸಿದ್ದರು. ಟೋಬ್ ಅನ್ನುವ ಸೀಮೆಯಲ್ಲಿ ಪುಂಡರ ಜೊತೆ ಇದ್ದ. ಅಮ್ಮೋನಿಯರು ಯುದ್ಧಕ್ಕೆ ಬಂದಾಗ ಗಿಲ್ಯಾದಿನ ಹಿರಿಯರಿಗೆ ಅವನೇ ಬೇಕಾಯಿತು. ಅವನೂ ಬಿಡಲಿಲ್ಲ, ಗೆದ್ದು ಬಂದರೆ ನನ್ನನ್ನೇ ನಾಯಕ ಮಾಡುತ್ತೀರಾ ಅಂತ ಬಾಯಿ ಬಿಟ್ಟು ಕೇಳಿದ. ನಾನಾಗಿದ್ದರೂ ಕೇಳುತ್ತಿದ್ದೆ.

29ನೇ ವಚನದಲ್ಲಿ ಆತ್ಮ ಬರುತ್ತದೆ. 30ನೇ ವಚನದಲ್ಲಿ ಅವನು ಹರಕೆ ಹೊರುತ್ತಾನೆ. ಈ ಎರಡರ ನಡುವಿನ ಜಾಗದಲ್ಲೇ ನಿನ್ನ ಪ್ರಶ್ನೆಗೆ ಉತ್ತರ ಇದೆ ಅಂತ ನನಗೆ ಅನ್ನಿಸುತ್ತದೆ. ಬೇಕಾದದ್ದು ಆಗಲೇ ಸಿಕ್ಕಿತ್ತು. ಹರಕೆಯನ್ನು ಯಾರೂ ಕೇಳಿರಲಿಲ್ಲ. ಆದರೆ ಸಿಕ್ಕಿದ್ದರ ಮೇಲೆ ಅವನಿಗೆ ನಂಬಿಕೆ ಇಲ್ಲ. ಒಮ್ಮೆ ಮನೆಯಿಂದ ಓಡಿಸಲ್ಪಟ್ಟವನಿಗೆ ಪುಕ್ಕಟೆ ಸಿಕ್ಕಿದ್ದರ ಮೇಲೆ ಹೇಗೆ ನಂಬಿಕೆ ಬರಬೇಕು ಹೇಳು. ಹಿರಿಯರ ಜೊತೆ ಚೌಕಾಸಿ ಮಾಡಿದ ಹಾಗೆ ದೇವರ ಜೊತೆಗೂ ಮಾಡಿದ: ಗೆದ್ದು ಬಂದಾಗ ನನ್ನ ಮನೆ ಬಾಗಿಲಿಂದ ಎದುರಿಗೆ ಬಂದದ್ದು ನಿನಗೆ ಹೋಮ.

ಇಪ್ಪತ್ತು ಊರು ಗೆದ್ದು ಮಿಚ್ಪೆಗೆ ಬಂದ. ದಮ್ಮಡಿ ಬಡಿಯುತ್ತಾ, ಕುಣಿಯುತ್ತಾ ಎದುರಿಗೆ ಬಂದವಳು ಮಗಳು. ಒಬ್ಬಳೇ ಮಗಳು. ಅವನು ಬಟ್ಟೆ ಹರಿದುಕೊಂಡು ಏನಂದ ಗೊತ್ತಾ? ನೀನು ನನ್ನನ್ನು ಕುಗ್ಗಿಸಿಬಿಟ್ಟೆ ಅಂದ. ತಪ್ಪು ಅವಳ ತಲೆಗೆ! ಆಮೇಲೆ, ನಾನು ಬಾಯಿ ತೆರೆದುಬಿಟ್ಟಿದ್ದೇನೆ, ಹಿಂದೆಗೆಯಲಾರೆ ಅಂದ.

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದಕ್ಕೂ ಇದಕ್ಕೂ ಎಷ್ಟು ದೂರ ಅಂತ ನೀನೇ ಅಳತೆ ಮಾಡಿಕೋ. ಒಂದು ದಿನದ ರಜೆಯನ್ನು ಒಂದು ಪ್ರಾಣಕ್ಕೆ ಹೋಲಿಸುತ್ತಿಲ್ಲ, ಕೋಪ ಮಾಡ್ಕೋಬೇಡ.

ಆ ಹುಡುಗಿಯ ಹೆಸರನ್ನು ಯಾರೂ ಬರೆದಿಟ್ಟಿಲ್ಲ. ಎರಡು ತಿಂಗಳು ಗೆಳತಿಯರ ಜೊತೆ ಬೆಟ್ಟದಲ್ಲಿ ಅಳಲು ಬಿಡು ಅಂತ ಕೇಳಿಕೊಂಡಳು. ಆಮೇಲೆ ಇಸ್ರಾಯೇಲಿನ ಹೆಣ್ಣುಮಕ್ಕಳು ವರ್ಷಕ್ಕೆ ನಾಲ್ಕು ದಿನ ಅವಳ ನೆನಪಿಗೆ ಹೋಗುತ್ತಿದ್ದರು ಅಂತ ಅಧ್ಯಾಯ ಮುಗಿಯುತ್ತದೆ. ಅವಳನ್ನು ಕೊಲ್ಲಲಿಲ್ಲ, ಮದುವೆ ಇಲ್ಲದೆ ಒಂಟಿಯಾಗಿ ಇರಿಸಿದರು ಅನ್ನುವ ಹಳೆಯ ಯಹೂದಿ ವ್ಯಾಖ್ಯಾನಕಾರರೂ ಇದ್ದಾರೆ. ಇದು ನಿಜವಾಗಿರಲಿ ಅಂತ ನನಗೂ ಆಸೆ. ಆದರೆ ವಚನ ಓದಿದರೆ ಹಾಗೆ ಅನ್ನಿಸುವುದಿಲ್ಲ.

ಇನ್ನೊಂದು ಕಥೆ ಕೇಳು. ಇದು ಬೈಬಲಿನಲ್ಲಿಲ್ಲ, ಬೈಬಲಿನ ಮೇಲೆ ಯಹೂದಿ ಗುರುಗಳ ಹಳೆಯ ವ್ಯಾಖ್ಯಾನವಾದ ಮಿದ್ರಾಷ್‌ನಲ್ಲಿದೆ. ಬೈಬಲಿನ ಯಾಜಕಕಾಂಡದ 27ನೇ ಅಧ್ಯಾಯದ ಪ್ರಕಾರ ಹರಕೆಗೆ ಒಪ್ಪಿಸಿದ ಮನುಷ್ಯರನ್ನು ಬೆಳ್ಳಿ ಕೊಟ್ಟು ಬಿಡಿಸಿಕೊಳ್ಳಬಹುದು. ಐದರಿಂದ ಇಪ್ಪತ್ತು ವರ್ಷದೊಳಗಿನ ಹುಡುಗಿಗೆ 10 ಶೆಕೆಲ್. ಇಷ್ಟೇ ರೇಟು! ಮಹಾಯಾಜಕ ಫೀನೆಹಾಸನೇ ಹರಕೆ ಬಿಡಿಸಬಹುದಿತ್ತು ಅಂತಾರೆ ಗುರುಗಳು. ಆದರೆ ಯೆಫ್ತಾಹ, "ನಾನು ದಂಡಿನ ನಾಯಕ, ನಾನು ಅವನ ಬಾಗಿಲಿಗೆ ಹೋಗಬೇಕಾ?" ಅಂದ. ಫೀನೆಹಾಸ, "ನಾನು ಮಹಾಯಾಜಕ, ಆ ದಡ್ಡನ ಹತ್ತಿರ ನಾನು ಹೋಗಬೇಕಾ?" ಅಂದ. ಇಬ್ಬರೂ ಕೂತಲ್ಲೇ ಕೂತರು. ಇಬ್ಬರ ನಡುವೆ ಹುಡುಗಿ ಹೋದಳು.

ನಿನ್ನ ಪ್ರಶ್ನೆಗೆ ಅಂದು ನಾನು ಉತ್ತರ ಕೊಡದೇ ಇದ್ದದ್ದು ಗೊತ್ತಿಲ್ಲದೆ ಅಲ್ಲ. ಹೇಳಿದರೆ ದೇವರು ಆರಿಸಿದವನೂ ತಪ್ಪು ಮಾಡುತ್ತಾನೆ ಅನ್ನಬೇಕಿತ್ತು. ಮುಂದಿನ ಪ್ರಶ್ನೆ ಅಪ್ಪಂದಿರ ಮೇಲೆ ಬರುತ್ತಿತ್ತು. ನೀನು ಪಿಯುಸಿಯಲ್ಲಿದ್ದಾಗ ಆ ಟ್ರಿಪ್ ನೆನಪಿದೆಯಾ? "ಹೋದರೆ ನನ್ನ ಜೊತೆ ಮಾತಾಡಬೇಡ" ಅಂದಿದ್ದೆ. ನೀನು ಹೋದೆ. ಹನ್ನೊಂದು ದಿನ ನಾನು ಮಾತಾಡಲಿಲ್ಲ. ಮೂರನೇ ದಿನಕ್ಕೇ ಸಿಟ್ಟು ಇಳಿದಿತ್ತು. ಉಳಿದ ಎಂಟು ದಿನ ಬರೀ ಆಡಿದ ಮಾತನ್ನು ಕಾಯುತ್ತಾ ಕೂತಿದ್ದೆ. ತಪ್ಪಾಯ್ತು ಅಂತ ಇದುವರೆಗೆ ನಿನಗೆ ಹೇಳಿರಲಿಲ್ಲ. ತಪ್ಪಾಯ್ತು ಮಗಾ.

ನಾಯಕರಲ್ಲಿ ನನಗೆ ಜಾಸ್ತಿ ಹತ್ತಿರದವನು ಬೈಬಲಿನ ಅರಣ್ಯಕಾಂಡ 11ರ ಮೋಶೆ, ಇಸ್ರಾಯೇಲರನ್ನು ಮರುಭೂಮಿಯಲ್ಲಿ ನಡೆಸಿದವನು. ಮಾಂಸ ಬೇಕು ಅಂತ ಜನ ಗೋಳಾಡುತ್ತಿದ್ದಾರೆ. ಅವನು ದೇವರ ಮೇಲೆ ರೇಗುತ್ತಾನೆ: ಇವರನ್ನು ನಾನು ಹೆತ್ತೆನಾ? ದಾದಿ ಕೂಸನ್ನು ಎತ್ತಿಕೊಂಡ ಹಾಗೆ ಇವರನ್ನು ಎದೆಗವಚಿಕೊಂಡು ಹೋಗಬೇಕಾ? ಹೀಗಾದರೆ ನನ್ನನ್ನು ಕೊಂದುಬಿಡು. ನೈಟ್ ಶಿಫ್ಟಿನ ಬೆಳಗಿನ ಜಾವ ನಾಲ್ಕು ಗಂಟೆಗೆ ನೀನು ಮಾತಾಡುವ ಧಾಟಿ! ದೇವರು ಅವನಿಗೆ ಇನ್ನೂ ಜಾಸ್ತಿ ಶಕ್ತಿ ಕೊಡಲಿಲ್ಲ. ಅವನ ಮೇಲಿದ್ದ ಆತ್ಮದಲ್ಲೇ ಸ್ವಲ್ಪ ತೆಗೆದು 70 ಹಿರಿಯರಿಗೆ ಹಂಚಿದ. ಒಂದು ದೀಪದಿಂದ ಎಷ್ಟು ದೀಪ ಹಚ್ಚಿದರೂ ಮೊದಲನೆಯದು ಕಡಿಮೆಯಾಗಲಿಲ್ಲ ಅಂತ ಗುರುಗಳು ಇದನ್ನು ವಿವರಿಸುತ್ತಾರೆ.

ಎಲ್ದಾದ್, ಮೇದಾದ್ ಅಂತ ಇಬ್ಬರು ದೇವರ ಗುಡಾರದ ಹತ್ತಿರ ಬರದೆ ಪಾಳೆಯದಲ್ಲೇ ಉಳಿದಿದ್ದರು. ಅವರ ಮೇಲೂ ಆತ್ಮ ಬಂತು. ಮೋಶೆಯ ಸಹಾಯಕ ಯೆಹೋಶುವನಿಗೆ ಸಿಟ್ಟು, ಅವರನ್ನು ತಡೆಯಿರಿ ಅಂದ. ಮೋಶೆ ಕೇಳಿದ, ನನ್ನ ಪರವಾಗಿ ನಿನಗೆ ಹೊಟ್ಟೆಕಿಚ್ಚಾ? ಎಲ್ಲರೂ ಪ್ರವಾದಿಗಳಾದರೆ ಎಷ್ಟು ಚೆನ್ನಾಗಿತ್ತು! ನಿನ್ನ ವಾರ್ಡಿನಲ್ಲಿ ನಿನಗಿಂತ ಚೆನ್ನಾಗಿ ಐವಿ ಹಾಕುವ ಹಿರಿಯ ಸಿಸ್ಟರ್ ಮುಖ ಊದಿಸಿಕೊಂಡಿದ್ದಾರೆ ಅಂದೆಯಲ್ಲ, ಹೊಸಬರಿಗೆ ಕಲಿಸುವ ಕೆಲಸ ಅವರಿಗೇ ಕೊಟ್ಟು ನೋಡು. ದೇವರ ಆತ್ಮದಿಂದ ತುಂಬಿದವನು ಅಂತ ಬೈಬಲಿನಲ್ಲಿ ಮೊದಲು ಕರೆಸಿಕೊಂಡದ್ದು ರಾಜನೂ ಅಲ್ಲ, ಪ್ರವಾದಿಯೂ ಅಲ್ಲ. ಬೆಚಲೇಲ, ಚಿನ್ನ ಬೆಳ್ಳಿ ಮರ ಕೆತ್ತುವ ಕೈಕಸುಬಿನವನು. ಇನ್ನೊಬ್ಬರಿಗೆ ಕಲಿಸುವ ಗುಣವನ್ನೂ ಅವನಿಗೆ ಕೊಟ್ಟಿದ್ದ ಅಂತ ಬರೆದಿದೆ. ದರ್ಜಿಗಳು ಇದನ್ನು ಅಂಗಡಿಯಲ್ಲಿ ಬೋರ್ಡ್ ಬರೆಸಿ ಹಾಕಬೇಕು.

ಆ ಗೆಳತಿಯ ರಜೆಯ ಬಗ್ಗೆ ನಾನು ಏನೂ ಹೇಳುವುದಿಲ್ಲ. ಅವಳ ಮಗುವಿಗೆ ಜ್ವರ ಇಳಿಯಿತಾ ಅಂತ ಮಾತ್ರ ಕೇಳಿ ಹೇಳು, ನಿನ್ನಮ್ಮ ಎರಡು ಸಲ ವಿಚಾರಿಸಿದಳು.

ಪತ್ರದ ಜೊತೆ ಬಿಳಿ ಕೋಟ್ ಕಳಿಸುತ್ತಿದ್ದೇನೆ. ಇನ್‌ಚಾರ್ಜ್ ಆದಮೇಲೆ ಕೀಲಿಕೈ ಜಾಸ್ತಿ ಇರುತ್ತೆ ಅಂದಿದ್ದಕ್ಕೆ ಎಡಗಡೆ ಒಳಜೇಬು ಇಟ್ಟಿದ್ದೇನೆ, ಎರಡು ಹೊಲಿಗೆ ಹಾಕಿ. ಅಳತೆ ಹಳೆಯದ್ದೇ. ಭುಜದ ಹತ್ತಿರ ಬಿಗಿ ಅನ್ನಿಸಿದರೆ ಎಳೆದಾಡಬೇಡ, ಒಳಗೆ ಒಂದು ಇಂಚು ಬಟ್ಟೆ ಮಡಿಸಿ ಬಿಟ್ಟಿದ್ದೇನೆ. ಊರಿಗೆ ಬಂದಾಗ ಬಿಚ್ಚಿ ಕೊಡುತ್ತೇನೆ.

ನಿನ್ನ,
ಅಪ್ಪ